ಸನ್ನಿ ಸೈಡ್‌ನಲ್ಲಿ ನಮ್ಮ ಮಾಜಿ ಸೈನಿಕರಿಗೂ ಒಂದು ಕೋಣೆ ಕೊಡಿ

ಮಾನ್ಯ ಕನ್ನಡ ಮತ್ತು ಸಂಸ್ಕೃತಿ ಸಚಿವರಿಗೆ, ಕೊಡಗು ಜಿಲ್ಲಾಧಿಕಾರಿಗಳಿಗೆ, ಮಡಿಕೇರಿಯ ಜನರಲ್ ತಿಮ್ಮಯ್ಯ ವಸ್ತುಸಂಗ್ರಹಾಲಯದ ಹೊಣೆ ಹೊತ್ತಿರುವ ಎಲ್ಲರಿಗೂ, ಹಾಗೇ ನಮ್ಮೂರಿನ ಜನರಿಗೂ ನಮಸ್ಕಾರ.

ನಾನು ಮಡಿಕೇರಿಯವಳು. ಶಾಲೆಯಲ್ಲಿ ಸಮಾಜ ಪಾಠ ಹೇಳಿಕೊಟ್ಟು ನಿವೃತ್ತಳಾದವಳು. ಮಿಲಿಟರಿಯಲ್ಲಿದ್ದ ಅಪ್ಪನ ಮಗಳು. ಈ ಪತ್ರದಲ್ಲಿ ನಾನು ಕೇಳುವುದು ಇಷ್ಟೇ. ಆ ವಸ್ತುಸಂಗ್ರಹಾಲಯ ಇರುವ ಸನ್ನಿ ಸೈಡ್ ಆವರಣದಲ್ಲಿ ಒಂದು ಕೋಣೆಯನ್ನು ವಾರಕ್ಕೊಂದು ದಿನ ಜಿಲ್ಲೆಯ ಮಾಜಿ ಸೈನಿಕರಿಗೆ ಬಿಟ್ಟುಕೊಡಿ. ಅವರು ಬರಲಿ, ಕೂರಲಿ, ಮಾತಾಡಲಿ. ಅವರು ಒಪ್ಪಿದರೆ ಆ ಮಾತನ್ನು ರೆಕಾರ್ಡ್ ಮಾಡಿ ಇಡಿ. ಯಾಕೆ ಕೇಳುತ್ತಿದ್ದೇನೆ ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ದಯವಿಟ್ಟು ಪೂರ್ತಿ ಓದಿ.

ಸನ್ನಿ ಸೈಡ್ ನಮ್ಮ ಭೂಸೇನೆಯ ಮುಖ್ಯಸ್ಥರಾಗಿದ್ದ ಜನರಲ್ ಕೊಡಂದೇರ ಸುಬ್ಬಯ್ಯ ತಿಮ್ಮಯ್ಯನವರ ಮನೆ. 1906ರ ಮಾರ್ಚ್ 31ರಂದು ಮಡಿಕೇರಿಯಲ್ಲಿ ಹುಟ್ಟಿದ ಅವರು ಬಾಲ್ಯ ಕಳೆದದ್ದು ಇಲ್ಲಿ. ಮುಂದೆ ಈ ಮನೆಯಲ್ಲಿ ಆರ್‌ಟಿಒ ಕಚೇರಿ ನಡೆಯಿತು. ಡ್ರೈವಿಂಗ್ ಲೈಸೆನ್ಸ್ ಮಾಡಿಸಲು ಹೋಗಿ ಸಾಲಿನಲ್ಲಿ ನಿಂತ ನಮ್ಮ ಎಷ್ಟೋ ಹುಡುಗರಿಗೆ ಇದು ಯಾರ ಮನೆ ಅನ್ನುವುದೇ ಗೊತ್ತಿರಲಿಲ್ಲ. ಇದನ್ನು ಸ್ಮಾರಕ ಮಾಡಬೇಕು ಅಂತ ಫೀಲ್ಡ್ ಮಾರ್ಷಲ್ ಕಾರ್ಯಪ್ಪ ಮತ್ತು ಜನರಲ್ ತಿಮ್ಮಯ್ಯ ಫೋರಂನವರು ಬಹಳ ಓಡಾಡಿದರು. ಸರ್ಕಾರ ಕೈಜೋಡಿಸಿತು. ಕೊನೆಗೆ 2021ರ ಫೆಬ್ರವರಿ 6ರಂದು ಆಗಿನ ರಾಷ್ಟ್ರಪತಿ ರಾಮನಾಥ ಕೋವಿಂದ್ ಅವರು ಬಂದು ಉದ್ಘಾಟನೆ ಮಾಡಿದರು. ಈಗ ಒಳಗೆ ಫೋಟೊಗಳಿವೆ, ಸಮವಸ್ತ್ರ ಇದೆ, ಆಯುಧಗಳಿವೆ. ಹೊರಗೆ ಯುದ್ಧ ಸ್ಮಾರಕ ಇದೆ, ಟ್ಯಾಂಕ್ ಇದೆ. ಪ್ರವಾಸಿಗರು ಬರುತ್ತಾರೆ, ಶಾಲೆ ಮಕ್ಕಳು ಬರುತ್ತಾರೆ. ಇಷ್ಟು ಆಗಿದ್ದು ದೊಡ್ಡ ಕೆಲಸ. ಅದಕ್ಕೆ ದುಡಿದ ಎಲ್ಲರಿಗೂ ನಾನು ಕೈಮುಗಿಯುತ್ತೇನೆ.

ಈ ಮನೆಯ ಕಥೆ ಎಷ್ಟು ದೊಡ್ಡದು ನೋಡಿ. ತಿಮ್ಮಯ್ಯನವರ ಅಣ್ಣ ಪೊನ್ನಪ್ಪ ಎರಡನೇ ಮಹಾಯುದ್ಧದ ಕಾಲದಲ್ಲಿ ಸುಭಾಷ್‌ಚಂದ್ರ ಬೋಸರ ಐಎನ್‌ಎ ಸೇರಿದರು. ಅದೇ ಯುದ್ಧದಲ್ಲಿ ತಿಮ್ಮಯ್ಯನವರು ಬರ್ಮಾದ ಅರಾಕಾನ್‌ನಲ್ಲಿ ಬ್ರಿಟಿಷ್ ಇಂಡಿಯನ್ ಸೇನೆಯ ಒಂದು ಬ್ರಿಗೇಡ್ ನಡೆಸಿದರು. ಯುದ್ಧರಂಗದಲ್ಲಿ ಬ್ರಿಗೇಡ್ ನಡೆಸಿದ ಮೊದಲ ಭಾರತೀಯ ಅವರು. ತಮ್ಮ ಸೋಮಯ್ಯ ಸ್ವಾತಂತ್ರ್ಯ ಬಂದ ಮೇಲೆ ಕಾಶ್ಮೀರದ ಕಾರ್ಯಾಚರಣೆಯಲ್ಲಿ ತೀರಿಕೊಂಡರು. ಒಂದೇ ತಾಯಿಯ ಮಕ್ಕಳು, ಒಬ್ಬೊಬ್ಬರದು ಒಂದೊಂದು ದಾರಿ. ಆ ಮನೆಯ ಜಗಲಿಯಲ್ಲಿ ಎಂಥ ಎಂಥ ಮಾತು ನಡೆದಿರಬಹುದು! ದೇಶ ಅಂದರೆ ಏನು, ಪ್ರತಿಜ್ಞೆ ಅಂದರೆ ಏನು, ಯಾರ ಕಡೆ ನಿಲ್ಲಬೇಕು ಅನ್ನುವ ಮಾತುಗಳು. ಅದರಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಇಡಲು ಸಿಗುವುದು ಎಷ್ಟು?

ತಿಮ್ಮಯ್ಯನವರ ಹೆಸರು ಹೇಳಿದ ಕೂಡಲೇ ನಮ್ಮವರು ಜೋಜಿಲಾ ಅನ್ನುತ್ತಾರೆ. 1948ರ ನವೆಂಬರ್ 1. ಕಾಶ್ಮೀರದಿಂದ ಲಡಾಖ್‌ಗೆ ಹೋಗುವ, ಸಮುದ್ರ ಮಟ್ಟದಿಂದ 11 ಸಾವಿರ ಅಡಿಗೂ ಮೇಲಿರುವ ಕಣಿವೆ ದಾರಿ. ಅಲ್ಲಿಗೆ ಸ್ಟುವರ್ಟ್ ಟ್ಯಾಂಕ್‌ಗಳನ್ನು ಹತ್ತಿಸಿ ತಿಮ್ಮಯ್ಯನವರು ದಾರಿ ಬಿಡಿಸಿದರು. ಲೇಹ್‌ ಉಳಿದದ್ದು ಅದರಿಂದ. ಅಷ್ಟು ಎತ್ತರದಲ್ಲಿ ಟ್ಯಾಂಕ್ ಎದುರಾಗುತ್ತದೆ ಅಂತ ಪಾಕಿಸ್ತಾನದ ಕಡೆಯವರು ಎಣಿಸಿಯೇ ಇರಲಿಲ್ಲ. ಇದು ಮಡಿಕೇರಿಯ ಮಕ್ಕಳಿಗೆ ಗೊತ್ತು, ನಾನೇ ಪಾಠ ಮಾಡಿದ್ದೇನೆ. ಆದರೆ ಟ್ಯಾಂಕ್ ಅಲ್ಲಿಗೆ ಹತ್ತಿದ್ದು ಹೇಗೆ? ಬಾಲ್ತಾಲ್‌ನಿಂದ ಮೇಲಕ್ಕೆ ಇದ್ದದ್ದು ಹೇಸರಗತ್ತೆ ನಡೆಯುವ ದಾರಿ. ಆ ಚಳಿಯಲ್ಲಿ ಅದನ್ನು ಕಡಿದು ಅಗಲ ಮಾಡಿ, ಟ್ಯಾಂಕ್ ಹೋಗುವ ಹಾಗೆ ಮಾಡಿಕೊಟ್ಟವರು ಮದ್ರಾಸ್ ಸ್ಯಾಪರ್ಸ್‌ನ, ಅಂದರೆ ಸೇನೆಯ ಎಂಜಿನಿಯರ್ ಪಡೆಯ ಜವಾನರು. ಬೆಂಗಳೂರಿನ ಹಲಸೂರು ಕೆರೆ ಪಕ್ಕದ ಎಂಇಜಿ ಅನ್ನುವ ಅವರ ಕೇಂದ್ರದಿಂದ ಹೋದವರು. ಗುದ್ದಲಿ ಹಿಡಿದ ಆ ಕೈಗಳ ಹೆಸರು ನಮ್ಮಲ್ಲಿ ಯಾರಿಗೆ ಗೊತ್ತು? ಅವರಲ್ಲಿ ಒಬ್ಬರನ್ನಾದರೂ ಕೂರಿಸಿ, ಆ ರಾತ್ರಿಗಳು ಹೇಗಿದ್ದವು, ಕೈ ಮರಗಟ್ಟಿದಾಗ ಏನು ಮಾಡುತ್ತಿದ್ದಿರಿ ಅಂತ ನಮ್ಮ ಕಡೆಯವರು ಕೇಳಿ ಬರೆದಿಟ್ಟರಾ? ಈಗ ಕೇಳೋಣ ಅಂದರೆ ಅವರಿಲ್ಲ.

ಜನರಲ್‌ಗಳ ಬಗ್ಗೆ ಪುಸ್ತಕ ಬರುತ್ತವೆ. ಅವರಿಗೆ ಪ್ರತಿಮೆ ನಿಲ್ಲುತ್ತದೆ. ಹವಾಲ್ದಾರರ, ನಾಯಕ್‌ಗಳ, ಸಿಪಾಯಿಗಳ ಕಥೆ ಇರುವುದು ಅವರ ಬಾಯಲ್ಲಿ ಮಾತ್ರ. ಬಾಯಿ ಮುಚ್ಚಿದರೆ ಕಥೆಯೂ ಹೋಯಿತು.

ನನ್ನ ಅಪ್ಪನೂ ಸ್ಯಾಪರ್. 1971ರ ಡಿಸೆಂಬರ್‌ನಲ್ಲಿ ಪಾಕಿಸ್ತಾನದ ಜೊತೆ ಯುದ್ಧ ನಡೆದಾಗ ಶಕರ್‌ಗಢ ಕಡೆ ಇದ್ದರು. ಬಸಂತರ್ ನದಿಯ ಆಚೆ ನಮ್ಮ ಟ್ಯಾಂಕ್‌ಗಳು ಹೋಗಬೇಕಾದರೆ ನೆಲಬಾಂಬ್‌ಗಳ ನಡುವೆ ದಾರಿ ಬಿಡಿಸಬೇಕಿತ್ತು. ಆ ಕೆಲಸ ಸ್ಯಾಪರ್‌ಗಳದ್ದು. ಮನೆಯಲ್ಲಿ ನಾವು ಮಕ್ಕಳು ಕೇಳಿದರೆ ಅಪ್ಪ ಹೇಳುತ್ತಿದ್ದದ್ದು ಎರಡೇ ಮಾತು. "ಚಳಿ ಇತ್ತು. ಕೆಲಸ ಇತ್ತು." ಅಲ್ಲಿಗೆ ಮುಗಿಯಿತು. ಅಮ್ಮನ ಹತ್ತಿರವೂ ಅಷ್ಟೇ. ಆದರೆ ಸೋಮವಾರಪೇಟೆ ಕಡೆಯಿಂದ ಅವರ ಕಂಪನಿಯ ಒಬ್ಬರು ಆಗಾಗ ಬರುತ್ತಿದ್ದರು. ನಾವು ಮಾವ ಅನ್ನುತ್ತಿದ್ದೆವು. ಮಾವ ಬಂದರೆ ಅಪ್ಪ ಬೇರೆಯೇ ಮನುಷ್ಯ. ಊಟ ಮುಗಿಸಿ ಜಗಲಿಯಲ್ಲಿ ಕೂತರೆ ನಡುರಾತ್ರಿಯವರೆಗೂ ಮಾತು. ಅರ್ಧ ಕನ್ನಡ, ಅರ್ಧ ಮಿಲಿಟರಿ ಹಿಂದಿ. ನಡುವೆ ಯಾರದೋ ಹೆಸರು ಬಂದು ಇಬ್ಬರೂ ಸುಮ್ಮನಾಗುತ್ತಿದ್ದರು. ಮತ್ತೆ ಶುರು. ನಾನು ಒಳಗೆ ಮಲಗಿ ಕೇಳುತ್ತಿದ್ದೆ. ಅಪ್ಪನ ಯುದ್ಧದ ಬಗ್ಗೆ ನನಗೆ ಗೊತ್ತಿರುವುದೆಲ್ಲ ಹಾಗೆ ಕಿವಿಗೆ ಬಿದ್ದದ್ದೇ. ಮಾವ ತೀರಿಕೊಂಡ ಮೇಲೆ ಅಪ್ಪ ಆ ಮಾತುಗಳನ್ನು ಆಡಲೇ ಇಲ್ಲ. ಆಡಲು ಯಾರೂ ಇರಲಿಲ್ಲ. ಈಗ ಅಪ್ಪನೂ ಇಲ್ಲ.

ನಮ್ಮ ಮನೆಯೊಂದರ ಕಥೆ ಅಂತ ಇದನ್ನು ಹೇಳುತ್ತಿಲ್ಲ. ಕೊಡಗಿನಲ್ಲಿ ಮಿಲಿಟರಿ ಮನೆಗಳು ಎಷ್ಟಿವೆ ಅಂತ ನಿಮಗೆ ಗೊತ್ತು. ಯಾವ ಮನೆಯ ಮಕ್ಕಳನ್ನು ಬೇಕಾದರೂ ಕೇಳಿ. ಇದನ್ನೇ ಹೇಳುತ್ತಾರೆ. ಯುದ್ಧ ನೋಡಿದವರು ಮನೆಯವರ ಹತ್ತಿರ ಬಾಯಿ ಬಿಡುವುದಿಲ್ಲ. ವೇದಿಕೆ ಮೇಲೂ ಬಿಡುವುದಿಲ್ಲ. ಟಿವಿಯವರು ಮೈಕ್ ಹಿಡಿದರೆ ಇನ್ನೂ ಇಲ್ಲ. ಅವರು ಮಾತಾಡುವುದು ಅದನ್ನೇ ನೋಡಿದ ಇನ್ನೊಬ್ಬರು ಪಕ್ಕದಲ್ಲಿ ಕೂತಾಗ. ನಾನು ಕೋಣೆ ಕೇಳುತ್ತಿರುವುದು ಇದಕ್ಕೇ. ಎದುರಿಗೆ ಕೂತು ಪ್ರಶ್ನೆ ಕೇಳುವ ಸಂದರ್ಶನದಿಂದ ಈ ಕೆಲಸ ಆಗುವುದಿಲ್ಲ. ಮೊದಲು ಇಬ್ಬರು ಹಳೆಯ ಸೈನಿಕರು ಅಕ್ಕಪಕ್ಕ ಕೂರಬೇಕು. ಆಮೇಲೆ ತಾನಾಗಿ ಮಾತು ಬರುತ್ತದೆ.

ಈಗ ಅವರು ಎಲ್ಲಿ ಸೇರುತ್ತಾರೆ ಹೇಳಿ? ಮಿಲಿಟರಿ ಕ್ಯಾಂಟೀನ್ ಸಾಲಿನಲ್ಲಿ. ಮಾಜಿ ಸೈನಿಕರ ಚಿಕಿತ್ಸೆಗಿರುವ ಇಸಿಎಚ್‌ಎಸ್ ಪಾಲಿಕ್ಲಿನಿಕ್‌ನಲ್ಲಿ ಬಿಪಿ ಮಾತ್ರೆಗೆ ಕಾಯುವಾಗ. ನವೆಂಬರ್‌ನಲ್ಲಿ ಲೈಫ್ ಸರ್ಟಿಫಿಕೇಟ್ ಕೊಡಲು ಹೋದಾಗ. ಅಲ್ಲಿ ಒಬ್ಬರನ್ನೊಬ್ಬರು ನೋಡಿ ಮುಖ ಅರಳುತ್ತದೆ. "ಯಾವ ಯೂನಿಟ್?" ಅಂತ ಶುರುವಾಗುತ್ತದೆ. ಅಷ್ಟರಲ್ಲಿ ಟೋಕನ್ ನಂಬರ್ ಕರೆಯುತ್ತಾರೆ, ಮಾತು ಅಲ್ಲಿಗೇ ತುಂಡು. ಬಸ್ಸಿಗೆ ಹೊತ್ತಾಯಿತು ಅಂತ ಹೊರಡುತ್ತಾರೆ. ಮಾಜಿ ಸೈನಿಕರ ಸಂಘಗಳಿವೆ, ಒಳ್ಳೆಯ ಕೆಲಸ ಮಾಡುತ್ತಿವೆ. ಆದರೆ ಸಂಘದ ಸಭೆ ಅಂದರೆ ಪೆನ್ಷನ್ ಬಾಕಿ, ಪೆನ್ಷನ್ ಕೊಡುವ ಸ್ಪರ್ಶ್ ಪೋರ್ಟಲ್ ತೊಂದರೆ, ವರದಿ, ವಂದನಾರ್ಪಣೆ. ಅದೂ ಬೇಕು. ಅದು ಬೇರೆ, ಇದು ಬೇರೆ.

ಇನ್ನು ಸಮಾರಂಭಗಳು. ಜುಲೈ 26ಕ್ಕೆ ಕಾರ್ಗಿಲ್ ದಿನ, ಡಿಸೆಂಬರ್ 7ಕ್ಕೆ ಧ್ವಜ ದಿನ, ಡಿಸೆಂಬರ್ 16ಕ್ಕೆ ವಿಜಯ ದಿನ, ಜನವರಿ 14ಕ್ಕೆ ಮಾಜಿ ಸೈನಿಕರ ದಿನ. ಅವರನ್ನು ಕರೆದು ಮುಂದಿನ ಸಾಲಿನಲ್ಲಿ ಕೂರಿಸುತ್ತೇವೆ. ಶಾಲು ಹೊದಿಸುತ್ತೇವೆ, ಹಾರ ಹಾಕುತ್ತೇವೆ, ಫೋಟೊ ತೆಗೆಯುತ್ತೇವೆ. ಮೈಕ್ ಮಾತ್ರ ಪೂರ್ತಿ ಹೊತ್ತು ನಮ್ಮ ಕೈಯಲ್ಲೇ ಇರುತ್ತದೆ. ಯುದ್ಧ ಮಾಡದವರು ಯುದ್ಧದ ಬಗ್ಗೆ ಗಂಟೆಗಟ್ಟಲೆ ಮಾತಾಡುತ್ತೇವೆ. ಯುದ್ಧ ಮಾಡಿದವರು ಶಾಲು ಮಡಚಿಕೊಂಡು ಮನೆಗೆ ಹೋಗುತ್ತಾರೆ. ಇದು ಸರಿ ಇಲ್ಲ ಅಂತ ನನಗೆ ಯಾವತ್ತೂ ಅನ್ನಿಸಿದೆ.

ಮಾಜಿ ಸೈನಿಕರ ದಿನ ಜನವರಿ 14 ಯಾಕೆ ಅಂತ ಗೊತ್ತಲ್ವಾ? 1953ರಲ್ಲಿ ಅದೇ ದಿನ ನಮ್ಮ ಸೇನೆಯ ಮೊದಲ ಭಾರತೀಯ ಮುಖ್ಯಸ್ಥ ಕಾರ್ಯಪ್ಪನವರು ನಿವೃತ್ತರಾದರು. ನಮ್ಮ ಶನಿವಾರಸಂತೆಯಲ್ಲಿ ಹುಟ್ಟಿದವರು, ಮಡಿಕೇರಿಯ ರೋಶನಾರಾ ಅನ್ನುವ ಮನೆಯಲ್ಲಿ ಬದುಕಿದವರು. ಸಮವಸ್ತ್ರ ಬಿಚ್ಚಿಟ್ಟ ಮೇಲೂ ಅವರ ಮನಸ್ಸು ಜವಾನರ ಹತ್ತಿರವೇ ಇತ್ತು. ನಿವೃತ್ತರಾದ ಸೈನಿಕರಿಗೆ ದೇಶದಲ್ಲಿ ಒಂದು ಒಕ್ಕೂಟ ಬೇಕು ಅಂತ 1964ರಲ್ಲಿ ಇಂಡಿಯನ್ ಎಕ್ಸ್-ಸರ್ವಿಸಸ್ ಲೀಗ್ ಶುರು ಮಾಡಿದ್ದು ಅವರೇ. ಹಾಗಿರುವಾಗ, ಮಾಜಿ ಸೈನಿಕರು ಸೇರುವ ಒಂದು ಒಳ್ಳೆಯ ಜಾಗ ಮೊದಲು ಆಗಬೇಕಾದದ್ದು ಅವರ ಊರಿನಲ್ಲೇ. ಹಾಗಂತ ಕೇಳುವುದರಲ್ಲಿ ತಪ್ಪಿಲ್ಲ ಅಂದುಕೊಂಡಿದ್ದೇನೆ.

ಬೇರೆ ದೇಶಗಳ ಸಣ್ಣ ಊರುಗಳು ಇದನ್ನು ಹೇಗೆ ಮಾಡಿವೆ ಅಂತ ಓದಿದ್ದೇನೆ. ಎರಡು ಊರುಗಳ ಬಗ್ಗೆ ನಿಮಗೆ ಹೇಳಲೇಬೇಕು.

ಮೊದಲನೆಯದು ಅಮೆರಿಕದ್ದು. ಅಲ್ಲಿನ ಅಂತರ್ಯುದ್ಧ 1865ರಲ್ಲಿ ಮುಗಿಯಿತು. ಮರುವರ್ಷವೇ ಉತ್ತರದ ಸೇನೆಯಲ್ಲಿ ಹೋರಾಡಿದವರು ಗ್ರ್ಯಾಂಡ್ ಆರ್ಮಿ ಆಫ್ ದಿ ರಿಪಬ್ಲಿಕ್ ಅನ್ನುವ ಸಂಘ ಕಟ್ಟಿದರು. 1890ರ ಹೊತ್ತಿಗೆ ಅದರಲ್ಲಿ 4 ಲಕ್ಷಕ್ಕೂ ಜಾಸ್ತಿ ಜನ. ಸಣ್ಣ ಸಣ್ಣ ಊರುಗಳಲ್ಲೂ ಅದರ ಶಾಖೆ, ಶಾಖೆಗೊಂದು ಸಭಾಂಗಣ. ಅಲ್ಲಿ ಸೇರಿ ಹಳೆಯದನ್ನು ನೆನೆಯುತ್ತಿದ್ದರು. ಸತ್ತ ಗೆಳೆಯರ ಹೆಂಡತಿ ಮಕ್ಕಳಿಗೆ ನೆರವು ಕೊಡುತ್ತಿದ್ದರು. ಪೆನ್ಷನ್‌ಗಾಗಿ ಸರ್ಕಾರದ ಜೊತೆ ಗುದ್ದಾಡುತ್ತಿದ್ದರು. ಪೆನ್ಸಿಲ್ವೇನಿಯಾ ರಾಜ್ಯದಲ್ಲಿ ಪಿಟ್ಸ್‌ಬರ್ಗ್ ಪಕ್ಕ ಕಾರ್ನೆಗಿ ಅನ್ನುವ ಪುಟ್ಟ ಊರಿದೆ. ಅಲ್ಲಿನ ಲೈಬ್ರರಿ 1901ರಲ್ಲಿ ತೆರೆದದ್ದು. 1906ರಲ್ಲಿ ಆ ಊರಿನ ಹಳೆಯ ಸೈನಿಕರು ಲೈಬ್ರರಿಯ ಮಹಡಿ ಮೇಲಿನ ಒಂದು ಕೋಣೆಗೆ ಬಂದು ಸೇರಿದರು. ಥಾಮಸ್ ಎಸ್ಪಿ ಅನ್ನುವ ಕ್ಯಾಪ್ಟನ್ ಹೆಸರಿನ ಶಾಖೆ ಅದು. ಬಾವುಟ, ಬಂದೂಕು, ಫೋಟೊ, ಯುದ್ಧಭೂಮಿಯಿಂದ ತಂದ ಚೂರುಪಾರು, ಎಲ್ಲವನ್ನೂ ಆ ಕೋಣೆಯಲ್ಲಿ ತುಂಬಿದರು. ಸುಮ್ನೆ ತುಂಬಲಿಲ್ಲ. ಏನೇನಿದೆ ಅಂತ ಒಂದು ಪಟ್ಟಿ ಪುಸ್ತಕ ಮಾಡಿಟ್ಟರು.

ಆದರೆ ಆ ಸಂಘದಲ್ಲಿ ಒಂದು ನಿಯಮ ಇತ್ತು. ಆ ಯುದ್ಧದ ಕಾಲದಲ್ಲಿ ಸೇನೆಯಲ್ಲಿದ್ದವರಿಗೆ ಮಾತ್ರ ಸದಸ್ಯತ್ವ. ಮಕ್ಕಳಿಗಿಲ್ಲ, ಮುಂದಿನ ಯುದ್ಧಗಳ ಸೈನಿಕರಿಗಿಲ್ಲ. ಹಾಗಾಗಿ ವರ್ಷ ವರ್ಷವೂ ಕುರ್ಚಿಗಳು ಖಾಲಿಯಾಗುತ್ತಾ ಹೋದವು. 1930ರ ದಶಕದಲ್ಲಿ ಕಾರ್ನೆಗಿಯ ಆ ಕೋಣೆಗೆ ಬರುವವರೇ ಇಲ್ಲವಾದರು. ಬಾಗಿಲಿಗೆ ಬೀಗ ಬಿತ್ತು. ದಶಕಗಟ್ಟಲೆ ಹಾಗೇ ಇತ್ತು. 1956ರಲ್ಲಿ ಆಲ್ಬರ್ಟ್ ವೂಲ್ಸನ್ ಅನ್ನುವ ಕೊನೆಯ ಸದಸ್ಯ ತೀರಿಕೊಂಡಾಗ ದೇಶದಲ್ಲೇ ಆ ಸಂಘ ಮುಗಿಯಿತು. ಮುಂದೆ ಕಾರ್ನೆಗಿಯ ಜನ ಹಣ ಕೂಡಿಸಿ, ಆ ಹಳೆಯ ಪಟ್ಟಿ ಇಟ್ಟುಕೊಂಡು, ಕೋಣೆಯನ್ನು ಮೊದಲಿದ್ದ ಹಾಗೆ ಸರಿಪಡಿಸಿ 2010ರಲ್ಲಿ ತೆರೆದರು. ಇವತ್ತು ಹೋದವರು ಅದನ್ನು ನೋಡಬಹುದು. ನೋಡಬಹುದು ಅಷ್ಟೇ. ಅಲ್ಲಿ ಕೂತು ಮಾತಾಡುವವರು ಇಲ್ಲ.

ಎರಡನೆಯದು ಬೆಲ್ಜಿಯಂನ ಪೋಪರಿಂಗೆ. ಇದೂ ಸಣ್ಣ ಊರೇ. ಮೊದಲ ಮಹಾಯುದ್ಧದಲ್ಲಿ ಈಪರ್ ಯುದ್ಧರಂಗದ ಹಿಂದೆ, ಸ್ವಲ್ಪ ದೂರದಲ್ಲಿ ಇತ್ತು. 1915ರ ಡಿಸೆಂಬರ್‌ನಲ್ಲಿ ಫಿಲಿಪ್ ಕ್ಲೇಟನ್ ಅನ್ನುವ ಸೇನೆಯ ಪಾದ್ರಿ ಅಲ್ಲಿ ಒಂದು ಮನೆ ಬಾಡಿಗೆಗೆ ಹಿಡಿದು ಸೈನಿಕರಿಗೆ ಬಾಗಿಲು ತೆಗೆದರು. ಟ್ಯಾಲ್ಬಟ್ ಹೌಸ್ ಅಂತ ಹೆಸರು. ಅದೇ ವರ್ಷ ಯುದ್ಧದಲ್ಲಿ ಸತ್ತ ಗಿಲ್ಬರ್ಟ್ ಟ್ಯಾಲ್ಬಟ್ ಅನ್ನುವ ಯುವಕನ ನೆನಪಿನ ಹೆಸರು ಅದು. ಕಂದಕಗಳಿಂದ ಕೆಸರು ಮೆತ್ತಿಕೊಂಡು ಬಂದವರಿಗೆ ಅಲ್ಲಿ ಚಹಾ ಸಿಗುತ್ತಿತ್ತು, ಪುಸ್ತಕ ಇತ್ತು, ಪಿಯಾನೊ ಇತ್ತು, ಹಿತ್ತಲಲ್ಲಿ ತೋಟ ಇತ್ತು. ಕ್ಲೇಟನ್ ತಮ್ಮ ಕೋಣೆಯ ಬಾಗಿಲ ಮೇಲೆ ಒಂದು ಬರಹ ಹಾಕಿದ್ದರು. ಒಳಗೆ ಬರುವವರು ತಮ್ಮ ರ‍್ಯಾಂಕ್ ಹೊರಗೇ ಬಿಟ್ಟು ಬನ್ನಿ ಅನ್ನುವುದು ಅದರ ಅರ್ಥ. ಕರ್ನಲ್ ಆಗಲಿ ಸಿಪಾಯಿ ಆಗಲಿ ಅಲ್ಲಿ ಒಂದೇ. ಯುದ್ಧ ಮುಗಿದ ಮೇಲೆ ಆ ಮನೆ ಮಾಲೀಕರಿಗೆ ವಾಪಸ್ ಹೋಯಿತು. ಹಳೆಯ ಸೈನಿಕರಿಗೆ ಅದನ್ನು ಮರೆಯಲು ಆಗಲಿಲ್ಲ. 1929ರಲ್ಲಿ ದಾನಿಯೊಬ್ಬರ ಹಣದಿಂದ ಅದನ್ನು ಕೊಂಡು ಮತ್ತೆ ತೆರೆದರು. ಈಗ ಅದು ವಸ್ತುಸಂಗ್ರಹಾಲಯವೂ ಹೌದು, ಜನ ಬಂದು ತಂಗುವ ಮನೆಯೂ ಹೌದು. ಹೋದವರಿಗೆ ಇವತ್ತಿಗೂ ಚಹಾ ಕೊಡುತ್ತಾರೆ. ನೂರು ವರ್ಷ ದಾಟಿದರೂ ಆ ಮನೆಯಲ್ಲಿ ಜನ ಕೂರುತ್ತಾರೆ, ಏಳುತ್ತಾರೆ, ಮಾತಾಡುತ್ತಾರೆ.

ಸನ್ನಿ ಸೈಡ್ ಪೋಪರಿಂಗೆಯ ಮನೆಯ ಹಾಗೆ ಆಗಲಿ ಅನ್ನುವುದು ನನ್ನ ಆಸೆ. ನಮಗೆ ಇನ್ನೂ ಸಮಯ ಇದೆ. ಜಾಸ್ತಿ ಇಲ್ಲ. 1962ರಲ್ಲಿ ಇಪ್ಪತ್ತು ವರ್ಷದವರಾಗಿದ್ದವರು ಈಗ ಎಂಬತ್ತು ದಾಟಿದ್ದಾರೆ. 1971ರಲ್ಲಿ ಇಪ್ಪತ್ತರವರು ಈಗ ಎಪ್ಪತ್ತೈದರ ಆಸುಪಾಸು. ಶ್ರೀಲಂಕಾಕ್ಕೆ ಶಾಂತಿಪಾಲನೆಗೆ ಹೋದವರು, ಸಿಯಾಚಿನ್‌ನಲ್ಲಿ ಬೆರಳು ಕಳೆದುಕೊಂಡವರು, ಕಾರ್ಗಿಲ್ ಹತ್ತಿದವರು ನಿವೃತ್ತರಾಗಿ ನಮ್ಮ ನಡುವೆಯೇ ಇದ್ದಾರೆ. ತೋಟದಲ್ಲಿ, ಬ್ಯಾಂಕಿನ ಸೆಕ್ಯುರಿಟಿ ಕೆಲಸದಲ್ಲಿ, ಬೀದಿ ಕೊನೆಯ ಅಂಗಡಿಯಲ್ಲಿ. ಅಮೆರಿಕದ ಆ ಸಂಘ ಮಾಡಿದ ಹಾಗೆ ಒಂದೇ ಯುದ್ಧದವರಿಗೆ ಅಂತ ಬಾಗಿಲು ಹಾಕಬಾರದು. ಎಂಬತ್ತರ ಅಜ್ಜ ಮತ್ತು ನಲವತ್ತರ ಯುವಕ ಒಂದೇ ಬೆಂಚಿನಲ್ಲಿ ಕೂರಬೇಕು. ಆಗ ಕೋಣೆಗೆ ಬೀಗ ಬೀಳುವ ಕಾಲ ಬರುವುದಿಲ್ಲ.

ರ‍್ಯಾಂಕ್ ವಿಚಾರವನ್ನು ನಾನು ಒತ್ತಿ ಹೇಳುತ್ತೇನೆ. ಸೇನೆಯಲ್ಲಿ ಅದು ಬೇಕು, ಅದಿಲ್ಲದೆ ನಡೆಯುವುದಿಲ್ಲ. ನಿವೃತ್ತರಾದ ಮೇಲೂ ಆಫೀಸರುಗಳದು ಒಂದು ಗುಂಪು, ಜೆಸಿಒ (ಸುಬೇದಾರ್ ದರ್ಜೆಯವರು) ಮತ್ತು ಜವಾನರದು ಇನ್ನೊಂದು ಗುಂಪು ಅಂತ ಊರಿನಲ್ಲಿ ನಾವು ನೋಡುತ್ತಲೇ ಇದ್ದೇವೆ. ಈ ಕೋಣೆಯಲ್ಲಿ ಅದು ಬೇಡ. ಮುಂದಿನ ಸಾಲು ಹಿಂದಿನ ಸಾಲು ಬೇಡ. ಅಧ್ಯಕ್ಷರ ಕುರ್ಚಿ ಬೇಡ. ದುಂಡಗೆ ಹಾಕಿದ ಸಾದಾ ಕುರ್ಚಿಗಳು ಸಾಕು. ಹಾಗೆಯೇ ಜಾತಿ, ಸಮಾಜ, ಪಕ್ಷ. ಕೊಡಗಿನಿಂದ ಸೇನೆಗೆ ಹೋದವರಲ್ಲಿ ಕೊಡವರಿದ್ದಾರೆ, ಅರೆಭಾಷೆ ಗೌಡರಿದ್ದಾರೆ, ಮುಸ್ಲಿಮರು, ಕ್ರೈಸ್ತರು, ಇನ್ನೂ ಎಷ್ಟೋ ಜನ ಇದ್ದಾರೆ. ನಮ್ಮಲ್ಲಿ ಒಂದೊಂದು ಸಮಾಜಕ್ಕೂ ಒಂದೊಂದು ಮಂಟಪ ಇದೆ. ಎಲ್ಲ ಸಮಾಜದ ಸೈನಿಕರೂ ತಮ್ಮದು ಅಂತ ನಡೆದು ಬರುವ ಜಾಗ ಜನರಲ್ ತಿಮ್ಮಯ್ಯನವರ ಮನೆಯೇ ಆಗಬಲ್ಲದು. ಕೊರಿಯಾದಲ್ಲಿ ಎರಡೂ ಕಡೆಯ ಯುದ್ಧ ಕೈದಿಗಳ ಹೊಣೆ ಹೊತ್ತು ಯಾರ ಕಡೆಗೂ ವಾಲದೆ ನಿಂತವರು ಅವರು. ಸೈಪ್ರಸ್‌ನಲ್ಲಿ ಜಗಳವಾಡುತ್ತಿದ್ದ ಎರಡು ಜನಾಂಗಗಳ ನಡುವೆ ವಿಶ್ವಸಂಸ್ಥೆಯ ಪಡೆ ನಡೆಸುತ್ತಲೇ 1965ರ ಡಿಸೆಂಬರ್ 18ರಂದು ಪ್ರಾಣ ಬಿಟ್ಟವರು. ಅವರ ಮನೆಯಲ್ಲಿ ಇದಕ್ಕಿಂತ ತಕ್ಕ ಕೆಲಸ ಬೇರೆ ಯಾವುದಿದೆ?

ಇನ್ನೊಂದು ಮಾತು, ಹೆಂಗಸರದು. ನಮ್ಮ ಅಮ್ಮಂದಿರಿಗೆ ಗಂಡ ಎಲ್ಲಿದ್ದಾನೆ ಅಂತ ಗೊತ್ತಿರುತ್ತಿರಲಿಲ್ಲ. ವಿಳಾಸ ಅಂದರೆ 56 ಎಪಿಒ ಅನ್ನುವ ಸೇನಾ ಅಂಚೆಯ ನಂಬರ್, ಅಷ್ಟೇ. ಇನ್‌ಲ್ಯಾಂಡ್ ಲೆಟರ್ ಬರೆದು ಹಾಕಿ, ಉತ್ತರ ಬರುವವರೆಗೂ ಭತ್ತದ ಗದ್ದೆ, ಹಸು, ಅತ್ತೆ ಮಾವ, ಮಕ್ಕಳ ಶಾಲೆ ಎಲ್ಲವನ್ನೂ ಒಬ್ಬರೇ ನೋಡಿಕೊಂಡವರು. ಟೆಲಿಗ್ರಾಂನವನು ಬಂದರೆ ಮೈ ನಡುಗುತ್ತಿತ್ತು ಅಂತ ಅಮ್ಮ ಹೇಳುತ್ತಿದ್ದರು. ತಿಮ್ಮಯ್ಯನವರ ಪತ್ನಿ ನೀನಾ ಅವರು 1935ರ ಕ್ವೆಟ್ಟಾ ಭೂಕಂಪದಲ್ಲಿ ಗಾಯಗೊಂಡವರ ಸೇವೆಗೆ ನಿಂತು ಕೈಸರ್-ಎ-ಹಿಂದ್ ಪದಕ ಪಡೆದವರು. ಅದು ಎಷ್ಟು ಜನಕ್ಕೆ ಗೊತ್ತು? ಈ ಕೋಣೆಗೆ ಸೈನಿಕರ ಹೆಂಡತಿಯರೂ ಬರಬೇಕು, ಕರ್ತವ್ಯದಲ್ಲಿ ಮಡಿದ ಸೈನಿಕರ ಹೆಂಡತಿಯರಾದ ವೀರನಾರಿಯರೂ ಬರಬೇಕು. ಜೊತೆಗೆ ಬಂದವರು ಅಂತ ಹೊರಗೆ ಕೂರಿಸಬಾರದು. ಅವರ ನೆನಪನ್ನೂ ಅಷ್ಟೇ ಗೌರವದಿಂದ ಬರೆದಿಡಬೇಕು.

ಖರ್ಚಿನ ಮಾತಿಗೆ ಬರುತ್ತೇನೆ. ಹೊಸ ಕಟ್ಟಡ ಬೇಡ. ಅದನ್ನು ನಾನು ಬೇಡಿಕೊಂಡು ಹೇಳುತ್ತೇನೆ. ಕಟ್ಟಡ ಅಂದರೆ ಟೆಂಡರು, ಶಂಕುಸ್ಥಾಪನೆ, ಅನುದಾನ ಬಾಕಿ ಅಂತ ವರ್ಷಗಳು ಹೋಗುತ್ತವೆ. ಅಷ್ಟರಲ್ಲಿ ಕೂರಬೇಕಾದವರೇ ಇರುವುದಿಲ್ಲ. ಇರುವ ಜಾಗದಲ್ಲಿ ಒಂದು ಕೋಣೆ ಅಥವಾ ಮಳೆ ಬೀಳದ ಒಂದು ವರಾಂಡ ಸಾಕು. ಮಂಡಿ ನೋವಿನವರು ಹತ್ತುವ ಹಾಗೆ ಮೆಟ್ಟಿಲ ಪಕ್ಕ ಇಳಿಜಾರು ಮತ್ತು ಹಿಡಿದುಕೊಳ್ಳಲು ಕಂಬಿ ಇರಬೇಕು. ಹತ್ತಿರದಲ್ಲಿ ಶೌಚಾಲಯ ಇರಬೇಕು. ವಯಸ್ಸಾದವರಿಗೆ ಇದು ಎಲ್ಲಕ್ಕಿಂತ ಮುಖ್ಯ, ಆದರೆ ಯೋಜನೆ ಮಾಡುವವರು ಮೊದಲು ಮರೆಯುವುದು ಇದನ್ನೇ. ಕಾಫಿ ಬೇಕು, ಕೊಡಗಿನಲ್ಲಿ ಅದಕ್ಕೇನೂ ಬರ ಇಲ್ಲ. ಭಾನುವಾರ ಬೆಳಿಗ್ಗೆ ಹತ್ತರಿಂದ ಒಂದರವರೆಗೆ ಇದ್ದರೆ ಊಟದ ಹೊತ್ತಿಗೆ ಮನೆ ಸೇರಬಹುದು. ವಿರಾಜಪೇಟೆ, ಪೊನ್ನಂಪೇಟೆ, ಸೋಮವಾರಪೇಟೆ, ಕುಶಾಲನಗರ ಕಡೆಯವರಿಗೆ ತಿಂಗಳಿಗೊಂದು ಸಲವಾದರೂ ಒಂದು ವಾಹನ ಮಾಡಿಕೊಟ್ಟರೆ ಪುಣ್ಯ ಬರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಮಳೆ ಹೇಗಿರುತ್ತದೆ ಅಂತ ನಿಮಗೆ ಹೇಳಬೇಕಾಗಿಲ್ಲ. ಆ ತಿಂಗಳುಗಳಲ್ಲಿ ನಾವೇ ಅವರ ಮನೆಗಳಿಗೆ ಹೋಗಬಹುದು.

ವಸ್ತುಗಳ ಭದ್ರತೆಗೆ ತೊಂದರೆ ಆಗುತ್ತದೆ, ನಿಯಮದಲ್ಲಿ ಅವಕಾಶ ಇಲ್ಲ ಅಂತ ಯಾರಾದರೂ ಹೇಳಬಹುದು. ಭದ್ರತೆಯ ಕಾಳಜಿ ನ್ಯಾಯವಾದದ್ದೇ. ಪ್ರದರ್ಶನದ ಕೋಣೆಗಳಿಂದ ಬೇರೆಯಾದ ಬಾಗಿಲು ಇರುವ ಜಾಗ ಆರಿಸಿದರೆ ಅದು ಬಗೆಹರಿಯುತ್ತದೆ. ಗಡಿ ಕಾದವರು ಒಂದು ಮನೆಯ ಗಾಜಿನ ಪೆಟ್ಟಿಗೆ ಕಾಯಲಾರರೇ? ನಿಯಮದ ಮಾತಾದರೆ, ಅದನ್ನು ಮಾಡಿದ್ದು ನಾವೇ, ಒಂದು ಆದೇಶದಿಂದ ತಿದ್ದಬಹುದು. ಸಚಿವರೇ, ಅದು ನಿಮ್ಮ ಕೈಯಲ್ಲಿದೆ.

ದಾಖಲೆಯ ಕೆಲಸಕ್ಕೆ ಮಕ್ಕಳನ್ನು ತೊಡಗಿಸಿ. ಕೂಡಿಗೆಯಲ್ಲಿ ಸೈನಿಕ ಶಾಲೆ ಇದೆ. ಮಡಿಕೇರಿಯಲ್ಲಿ ಕಾರ್ಯಪ್ಪನವರ ಹೆಸರಿನ ಕಾಲೇಜು ಇದೆ. ಎನ್‌ಸಿಸಿ ಹುಡುಗ ಹುಡುಗಿಯರಿದ್ದಾರೆ. ವಾರಕ್ಕೆ ಇಬ್ಬರು ಬರಲಿ. ಪ್ರಶ್ನೆ ಕೇಳಲು ಅವಸರ ಮಾಡದೆ, ಕಾಫಿ ಕೊಟ್ಟು, ಸುಮ್ಮನೆ ಕೂತು ಕೇಳಲಿ. ಒಪ್ಪಿಗೆ ಇದ್ದರೆ ಮೊಬೈಲ್‌ನಲ್ಲೇ ರೆಕಾರ್ಡ್ ಮಾಡಲಿ. ಒಪ್ಪದಿದ್ದರೆ ಬೇಡ. ಕೆಲವು ಮಾತು ಆ ಕೋಣೆಯೊಳಗೇ ಉಳಿಯಬೇಕು, ಅದನ್ನೂ ಮಕ್ಕಳು ಕಲಿಯಲಿ. ಭಾಷೆಯ ಕಟ್ಟು ಬೇಡ. ಕೊಡವ ತಕ್ಕ್, ಅರೆಭಾಷೆ, ಕನ್ನಡ, ತುಳು, ಮಲಯಾಳ, ಬಾಯಿಗೆ ಯಾವುದು ಬರುತ್ತದೋ ಅದರಲ್ಲೇ ಆಡಲಿ, ಅದರಲ್ಲೇ ಇಡಿ. ಕನ್ನಡಕ್ಕೆ ಆಮೇಲೆ ತರಬಹುದು.

ಕಾರ್ನೆಗಿ ಊರಿನವರಿಂದ ಒಂದು ವಿಷಯ ಕಲಿಯಬೇಕು, ಆ ಪಟ್ಟಿ. ನಮ್ಮ ಮನೆಗಳ ಅಟ್ಟದಲ್ಲಿ ಕಪ್ಪು ಬಣ್ಣದ ಕಬ್ಬಿಣದ ಟ್ರಂಕುಗಳಿವೆ. ಮೇಲೆ ಬಿಳಿ ಬಣ್ಣದಲ್ಲಿ ನಂಬರ್ ಮತ್ತು ಹೆಸರು ಬರೆದಿರುತ್ತದೆ. ಒಳಗೆ ಪದಕ, ಡಿಸ್ಚಾರ್ಜ್ ಬುಕ್, ಯೂನಿಟ್‌ನವರ ಗುಂಪು ಫೋಟೊ, ಪತ್ರ. ಯಾವ ಪದಕ ಯಾತಕ್ಕೆ ಬಂತು ಅಂತ ಮಕ್ಕಳಿಗೆ ಗೊತ್ತಿಲ್ಲ. ಗುಂಪು ಫೋಟೊದಲ್ಲಿ ಅಪ್ಪನ ಪಕ್ಕ ನಿಂತವರು ಯಾರು ಅಂತ ಗೊತ್ತಿಲ್ಲ. ಮಕ್ಕಳು ಬೆಂಗಳೂರಿನಲ್ಲಿದ್ದಾರೆ, ವಿದೇಶದಲ್ಲಿದ್ದಾರೆ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದಾಗ ಮನೆಗಳ ಜೊತೆ ಇಂಥ ಎಷ್ಟು ಟ್ರಂಕುಗಳು ಮಣ್ಣಿನಡಿ ಹೋದವೋ. ಉಳಿದವನ್ನಾದರೂ ಉಳಿಸೋಣ. ಟ್ರಂಕನ್ನು ಕೊಡಿ ಅಂತ ಕೇಳುವುದು ಬೇಡ, ಅದು ಮನೆಯವರದು. ಒಂದು ಭಾನುವಾರ ತೆಗೆದುಕೊಂಡು ಬನ್ನಿ ಅನ್ನೋಣ. ಫೋಟೊ ತೆಗೆದು, ಆ ಕೋಣೆಯಲ್ಲಿ ಕೂತ ಹಿರಿಯರಿಗೆ ತೋರಿಸಿ, ಇದು ಯಾವ ಯುದ್ಧದ ಪದಕ, ಈ ಮುಖ ಯಾರದು ಅಂತ ಕೇಳಿ ಬರೆದು, ವಾಪಸ್ ಕೊಡೋಣ. ಅವರು ಇರುವಾಗ ಮಾತ್ರ ಆಗುವ ಕೆಲಸ ಇದು.

ನಮ್ಮೂರಿನ ಜನರಿಗೆ ಒಂದು ಮಾತು. ಸರ್ಕಾರ ಕೋಣೆ ಕೊಟ್ಟರೆ ಸಾಲದು. ಬೀದಿಯ ಕೊನೆಯಲ್ಲಿ ಒಬ್ಬರೇ ಇರುವ ಮಾಜಿ ಸೈನಿಕರನ್ನು ಕಾರಿನಲ್ಲಿ ಕೂರಿಸಿಕೊಂಡು ಬರುವವರು ಬೇಕು. ಬಿಟ್ಟು ಬರಲು ಹೋದವರು ಹೊರಗೆ ಕಾಯದೆ ಒಳಗೇ ಕೂತರೂ ಚೆನ್ನ. ಕಾಫಿ ಮಾಡುವವರು ಬೇಕು. ಕುರ್ಚಿ ಜೋಡಿಸುವವರು ಬೇಕು. ನಿವೃತ್ತ ಶಿಕ್ಷಕರು, ಲೈಬ್ರರಿಯಲ್ಲಿ ಕೆಲಸ ಮಾಡಿದವರು, ಅಚ್ಚುಕಟ್ಟಾಗಿ ಬರೆಯಬಲ್ಲವರು ಬೇಕು. ನಾನು ಬರುತ್ತೇನೆ. ಪಟ್ಟಿ ಬರೆಯುವ ಕೆಲಸ ನನಗೆ ಕೊಡಿ. ನನ್ನ ಹಾಗೆ ಮಿಲಿಟರಿ ಮನೆಗಳಲ್ಲಿ ಹುಟ್ಟಿದ ಇನ್ನೂ ಕೆಲವು ಹೆಂಗಸರು ಬರುತ್ತೇವೆ ಅಂದಿದ್ದಾರೆ.

ಮಾರ್ಚ್ 31 ತಿಮ್ಮಯ್ಯನವರು ಹುಟ್ಟಿದ ದಿನ. ಮುಂದಿನ ಮಾರ್ಚ್ 31ಕ್ಕೆ ಮೊದಲ ಸಲ ಕುರ್ಚಿ ಹಾಕೋಣ. ಆ ದಿನ ಭಾಷಣ ಇಟ್ಟುಕೊಳ್ಳಬೇಡಿ. ಸಚಿವರು ಬಂದರೆ ಸಂತೋಷ, ಬಂದು ಅವರೂ ದುಂಡಗೆ ಹಾಕಿದ ಕುರ್ಚಿಗಳಲ್ಲಿ ಒಂದರಲ್ಲಿ ಕೂತು ಕೇಳಲಿ. ಅದಕ್ಕಿಂತ ಮೊದಲು ಆಗಬೇಕಾದದ್ದು ಎರಡು. ಯಾವ ಕೋಣೆ ಅಂತ ಜಿಲ್ಲಾಡಳಿತ ಗುರುತಿಸಬೇಕು. ಸೈನಿಕ ಕಲ್ಯಾಣ ಇಲಾಖೆಯ ಮೂಲಕ ಎಲ್ಲ ತಾಲ್ಲೂಕುಗಳ ಮಾಜಿ ಸೈನಿಕರಿಗೆ ಮತ್ತು ವೀರನಾರಿಯರಿಗೆ ವಿಷಯ ಮುಟ್ಟಿಸಬೇಕು. ಎಪ್ಪತ್ತೈದು ದಾಟಿದವರಿಗೆ ಪತ್ರ ಹಾಕಿದರೆ ಸಾಲದು, ಫೋನ್ ಮಾಡಿ ಅಥವಾ ಮನೆಗೇ ಹೋಗಿ ಹೇಳಬೇಕು. ಒಪ್ಪಿಗೆ ಇದೆಯೋ ಇಲ್ಲವೋ ಅನ್ನುವುದನ್ನು ಈ ವರ್ಷ ಮುಗಿಯುವುದರೊಳಗೆ ಎಲ್ಲರಿಗೂ ಗೊತ್ತಾಗುವ ಹಾಗೆ ತಿಳಿಸಿ ಅಂತ ಕೇಳಿಕೊಳ್ಳುತ್ತೇನೆ.

ಇಂತಿ ನಮಸ್ಕಾರಗಳೊಂದಿಗೆ,
ಮಡಿಕೇರಿಯ ಒಬ್ಬ ನಿವೃತ್ತ ಶಿಕ್ಷಕಿ, ಸ್ಯಾಪರ್ ಒಬ್ಬರ ಮಗಳು